ಕಿಡ್ನಿಯ ಕೊಳವೆ ಕೆಟ್ಟರೆ ಗೊತ್ತಾಗಲ್ಲ, ಯಾಕಂದ್ರೆ ಯಾರೂ ಕೇಳಲ್ಲ

ಕಿಡ್ನಿ ಕಾಯಿಲೆ ಅಂದ ಕೂಡಲೇ ನಮ್ಮ ಬಾಯಿಗೆ ಬರುವುದು ಮೂರೇ ಮಾತು. ಶುಗರ್, ಬಿಪಿ, ಕಲ್ಲು. ಅದೇನೂ ಸುಳ್ಳಲ್ಲ, ಡಯಾಲಿಸಿಸ್‌ಗೆ ಬರುವವರಲ್ಲಿ ಶುಗರ್ ಇರುವವರದ್ದೇ ದೊಡ್ಡ ಪಾಲು. ಆದರೆ ಈ ಮೂರರ ಸದ್ದಿನಲ್ಲಿ ಇನ್ನೊಂದು ಗುಂಪಿನ ಕಾಯಿಲೆಗಳು ಮರೆಯಾಗಿಬಿಟ್ಟಿವೆ. ಕಿಡ್ನಿಯೊಳಗಿನ ಸಣ್ಣ ಕೊಳವೆಗಳಿಗೆ, ಆ ಕೊಳವೆಗಳ ಸುತ್ತಲಿನ ಭಾಗಕ್ಕೆ ಬರುವ ಕಾಯಿಲೆಗಳು ಇವು. ಡಾಕ್ಟರುಗಳು ಟ್ಯುಬುಲೋ ಇಂಟರ್‌ಸ್ಟಿಷಿಯಲ್ ಕಾಯಿಲೆ ಅನ್ನುತ್ತಾರೆ. ನಾಲಿಗೆ ಹೊರಳದ ಹೆಸರು, ಬಿಡಿ. ಇಲ್ಲಿ ಕೊಳವೆ ಕಾಯಿಲೆ ಅಂತಲೇ ಬರೆಯುತ್ತೇನೆ.

ಇವುಗಳಲ್ಲಿ ಹುಟ್ಟಿನಿಂದ ಬರುವಂಥವೂ ಇವೆ. ಆದರೆ ದೊಡ್ಡವರಲ್ಲಿ ಕಾಣುವ ಎಷ್ಟೋ ಕೇಸುಗಳಿಗೆ ಕಾರಣ ಹೊರಗಿನದು. ನುಂಗಿದ ಮಾತ್ರೆ, ಕುಡಿದ ಕಷಾಯ, ತಲೆಗೆ ಹಚ್ಚಿಸಿಕೊಂಡ ಕ್ರೀಮು, ಬಿಸಿಲಲ್ಲಿ ನೀರಿಲ್ಲದೆ ಮಾಡಿದ ಕೆಲಸ. ಬೇಗ ಗೊತ್ತಾಗಿ ಕಾರಣವನ್ನು ನಿಲ್ಲಿಸಿದರೆ ಹಾಳಾಗುತ್ತಿದ್ದ ಕಿಡ್ನಿ ಮತ್ತೆ ಸುಧಾರಿಸಿಕೊಳ್ಳುವ ಸಾಧ್ಯತೆ ಚೆನ್ನಾಗಿಯೇ ಇದೆ. ಶುಗರ್‌ನಿಂದ ಕೆಟ್ಟ ಕಿಡ್ನಿಗೆ ಈ ಭಾಗ್ಯ ಅಷ್ಟಾಗಿ ಇಲ್ಲ. ಬೇಗ ಗೊತ್ತಾಗಬೇಕಾದರೆ ಯಾರಾದರೂ ರೋಗಿಯನ್ನು ಕೂರಿಸಿಕೊಂಡು, ಏನೇನು ತಗೊಂಡ್ರಿ, ಎಷ್ಟು ದಿನ ತಗೊಂಡ್ರಿ, ಏನು ಕೆಲಸ ಮಾಡ್ತೀರಿ ಅಂತ ಕೇಳಬೇಕು. ನಮ್ಮ ಬೆಂಗಳೂರಿನಲ್ಲಿ ಎಲ್ಲ ಸ್ಕ್ಯಾನೂ ಸಿಗುತ್ತದೆ, ಈ ಪ್ರಶ್ನೆ ಕೇಳುವವರು ಸಿಗುವುದು ಕಷ್ಟ.

ಮೊದಲು ಕೊಳವೆ ಮಾಡುವ ಕೆಲಸ ನೋಡೋಣ. ಒಂದೊಂದು ಕಿಡ್ನಿಯಲ್ಲಿ ಸುಮಾರು 10 ಲಕ್ಷ ಸೋಸುವ ಘಟಕಗಳಿವೆ. ಪ್ರತಿಯೊಂದರ ತಲೆಯಲ್ಲಿ ಸಣ್ಣ ರಕ್ತನಾಳಗಳ ಒಂದು ಗೊಂಚಲು. ರಕ್ತ ಸೋಸುವುದು ಅಲ್ಲಿ. ಅದರ ಹಿಂದೆ ಉದ್ದನೆಯ ಕೊಳವೆ. ದಿನಕ್ಕೆ ಹೆಚ್ಚೂಕಮ್ಮಿ 180 ಲೀಟರ್ ನೀರು ಗೊಂಚಲುಗಳಿಂದ ಕೊಳವೆಗಳಿಗೆ ಇಳಿಯುತ್ತದೆ, ಅಂದರೆ ನಾವು ಮನೆಗೆ ತರಿಸುವ 20 ಲೀಟರ್ ಕ್ಯಾನುಗಳ ಲೆಕ್ಕದಲ್ಲಿ 9 ಕ್ಯಾನು. ನಾವು ಮೂತ್ರ ಮಾಡುವುದು ಒಂದೂವರೆ ಎರಡು ಲೀಟರ್ ಅಷ್ಟೇ. ಉಳಿದದ್ದನ್ನೆಲ್ಲ, ಅದರ ಜೊತೆಗಿದ್ದ ಉಪ್ಪು, ಸಕ್ಕರೆ, ಪೊಟ್ಯಾಸಿಯಂ ಎಲ್ಲವನ್ನೂ ಎಷ್ಟು ಬೇಕೋ ಅಷ್ಟು ಲೆಕ್ಕ ಹಾಕಿ ರಕ್ತಕ್ಕೆ ವಾಪಸ್ ಎಳೆದುಕೊಳ್ಳುವುದು ಈ ಕೊಳವೆಗಳು. ಹಗಲು ರಾತ್ರಿ ನಡೆಯುವ ಕೆಲಸ ಇದು, ಆಮ್ಲಜನಕ ಜಾಸ್ತಿ ಬೇಕು. ವಿಚಿತ್ರ ಅಂದ್ರೆ ಕಿಡ್ನಿಯ ಒಳಭಾಗಕ್ಕೆ ಆಮ್ಲಜನಕ ಸಿಗುವುದೇ ಕಡಿಮೆ. ಸಾಲದ್ದಕ್ಕೆ ನೀರು ವಾಪಸ್ ಹೋದ ಹಾಗೆಲ್ಲ ಕೊಳವೆಯಲ್ಲಿ ಉಳಿದ ಔಷಧ, ವಿಷ ಎಲ್ಲ ಗಟ್ಟಿಯಾಗುತ್ತಾ ಹೋಗುತ್ತದೆ. ಮೈಗೆ ಏನೇ ಏರುಪೇರಾದರೂ ಕೊಳವೆಗಳಿಗೆ ಬೇಗ ಏಟು ಬೀಳುವುದು ಇದಕ್ಕೇ.

ಏಟು ಬಿದ್ದದ್ದು ಹೊರಗೆ ಕಾಣುತ್ತದಾ? ಅಲ್ಲೇ ತೊಂದರೆ ಇರುವುದು. ಗೊಂಚಲು ಕೆಟ್ಟರೆ ಮೂತ್ರದಲ್ಲಿ ಪ್ರೋಟೀನ್ ಸೋರುತ್ತದೆ, ಮೂತ್ರ ನೊರೆ ನೊರೆ ಬರುತ್ತದೆ, ಮುಖ ಕಾಲು ಊದುತ್ತವೆ, ಬಿಪಿ ಏರುತ್ತದೆ. ಜನ ಹೆದರಿ ಆಸ್ಪತ್ರೆಗೆ ಹೋಗುತ್ತಾರೆ. ಕೊಳವೆ ಕೆಟ್ಟರೆ ಬಹಳ ಸಲ ಇದ್ಯಾವುದೂ ಇರುವುದಿಲ್ಲ. ಮೂತ್ರ ಚೆನ್ನಾಗಿಯೇ ಬರುತ್ತಿರುತ್ತದೆ, ಇನ್ನೂ ಜಾಸ್ತಿಯೇ ಬರಬಹುದು. ನೀರನ್ನು ಹಿಡಿದಿಡುವ ಶಕ್ತಿ ಹೋಗಿರುವುದರಿಂದ ರಾತ್ರಿ ಎರಡು ಮೂರು ಸಲ ಏಳಬೇಕಾಗುತ್ತದೆ, ಅದನ್ನು ನಾವು ವಯಸ್ಸಾಯ್ತು ಅಂತ ಅಂದುಕೊಳ್ಳುತ್ತೇವೆ. ಪಟ್ಟಿ ಅದ್ದಿ ನೋಡುವ ಮಾಮೂಲಿ ಮೂತ್ರ ಪರೀಕ್ಷೆ ಹಿಡಿಯುವುದು ಮುಖ್ಯವಾಗಿ ಆಲ್ಬುಮಿನ್ ಅನ್ನುವ ಪ್ರೋಟೀನನ್ನು. ಕೊಳವೆ ಕೆಟ್ಟಾಗ ಸೋರುವುದು ಬೇರೆ ಸಣ್ಣ ಪ್ರೋಟೀನುಗಳು, ಅದೂ ಸ್ವಲ್ಪ. ರಿಪೋರ್ಟಿನಲ್ಲಿ "ನಿಲ್" ಅಂತ ಬರುತ್ತದೆ. ಮನೆಯವರೆಲ್ಲ ಸಮಾಧಾನ ಮಾಡಿಕೊಳ್ಳುತ್ತಾರೆ.

ರಕ್ತದ ಕ್ರಿಯಾಟಿನಿನ್ ಪರೀಕ್ಷೆ (ಕಿಡ್ನಿ ಹೊರಹಾಕಬೇಕಾದ ಕಸ ರಕ್ತದಲ್ಲಿ ಎಷ್ಟು ಉಳಿದಿದೆ ಅಂತ ನೋಡುವುದು) ಇದೆಯಲ್ಲ ಅಂತೀರಾ? ಇದೆ. ಅದನ್ನು ಓದುವ ರೀತಿ ಸರಿ ಇಲ್ಲ. ಒಂದು ಉದಾಹರಣೆ ತಗೊಳ್ಳಿ. ಇಬ್ಬರ ರಿಪೋರ್ಟಿನಲ್ಲೂ ಕ್ರಿಯಾಟಿನಿನ್ 1.1. ಒಬ್ಬ 25 ವರ್ಷದ ಹುಡುಗ, ಇನ್ನೊಬ್ಬರು 60 ವರ್ಷದ ಹೆಂಗಸು. ಈಗ ಹಲವು ಕಡೆ ಬಳಕೆಯಲ್ಲಿರುವ 2021ರ ಸೂತ್ರದಲ್ಲಿ ಲೆಕ್ಕ ಹಾಕಿದರೆ ಹುಡುಗನ ಕಿಡ್ನಿ ನಿಮಿಷಕ್ಕೆ ಸುಮಾರು 95 ಮಿಲಿಲೀಟರ್ ಸೋಸುತ್ತಿದೆ, ಆ ತಾಯಿಯದ್ದು ಬರೀ 57. ಈ ಲೆಕ್ಕ 60ಕ್ಕಿಂತ ಕೆಳಗೆ ಮೂರು ತಿಂಗಳು ನಿಂತರೆ ಅದನ್ನು ದೀರ್ಘಕಾಲದ ಕಿಡ್ನಿ ಕಾಯಿಲೆ ಅನ್ನುತ್ತಾರೆ. ಲ್ಯಾಬಿನವರು ಎಲ್ಲರಿಗೂ ಒಂದೇ ಮಿತಿ ಇಟ್ಟಿದ್ದರೆ ಇಬ್ಬರ ಹಾಳೆಯಲ್ಲೂ ಅದು ನಾರ್ಮಲ್, ದಪ್ಪ ಅಕ್ಷರ ಇಲ್ಲ, ಬಾಣದ ಗುರುತಿಲ್ಲ. ಮೈಯಲ್ಲಿ ಮಾಂಸಖಂಡ ಕಡಿಮೆ ಇರುವವರಲ್ಲಿ ಕ್ರಿಯಾಟಿನಿನ್ ಹುಟ್ಟುವುದೇ ಕಡಿಮೆ, ಹಾಗಾಗಿ ಬಡಕಲು ಶರೀರದವರಲ್ಲಿ ಈ ಮೋಸ ಇನ್ನೂ ಜಾಸ್ತಿ. ಒಟ್ಟಿನಲ್ಲಿ ಕಿಡ್ನಿಯ ಅರ್ಧದಷ್ಟು ಶಕ್ತಿ ಹೋಗುವ ತನಕ ಈ ಅಂಕಿ ಮಿತಿ ದಾಟದೆ ಇರಬಹುದು.

ಇನ್ನೂ ಕೆಲವು ಸುಳಿವುಗಳು ಸಿಗುತ್ತವೆ, ನೋಡುವ ಕಣ್ಣು ಬೇಕು. ರಕ್ತದಲ್ಲಿ ಶುಗರ್ ಸರಿ ಇದ್ದು ಮೂತ್ರದಲ್ಲಿ ಮಾತ್ರ ಶುಗರ್ ಬಂದರೆ ಕೊಳವೆಯ ಮೊದಲ ಭಾಗ ಕೆಟ್ಟಿರಬಹುದು. (ಡಾಪಾಗ್ಲಿಫ್ಲೋಜಿನ್ ಥರದ ಶುಗರ್ ಮಾತ್ರೆ ತಗೊಳ್ಳುವವರಲ್ಲಿ ಮೂತ್ರದಲ್ಲಿ ಶುಗರ್ ಬರಲೇಬೇಕು, ಆ ಮಾತ್ರೆಯ ಕೆಲಸವೇ ಅದು, ಗಾಬರಿ ಬೇಡ.) ಬೆಳಿಗ್ಗೆ ಎದ್ದಾಗ ಕೈಕಾಲು ಎತ್ತಲಾಗದೆ ಪಾರ್ಶ್ವವಾಯು ಅಂತ ಓಡಿ ಬಂದವರಲ್ಲಿ ಕೆಲವರಿಗೆ ಪೊಟ್ಯಾಸಿಯಂ ಪಾತಾಳಕ್ಕೆ ಇಳಿದಿರುತ್ತದೆ. ಕೊಳವೆ ಪೊಟ್ಯಾಸಿಯಂ ಸೋರಿಸುತ್ತಿರುವುದು ಅದಕ್ಕೆ ಒಂದು ಕಾರಣ. ಬಾಯಿ ಕಣ್ಣು ಒಣಗುವ ಶೋಗ್ರೆನ್ ಅನ್ನುವ ಕಾಯಿಲೆ ಇರುವ ಹೆಂಗಸರಲ್ಲಿ ಇದನ್ನು ಕಾಣುತ್ತೇವೆ.

ಈಗ ಮೆಡಿಕಲ್ ಶಾಪಿನ ಕಟ್ಟೆಗೆ ಬರೋಣ, ಯಾಕಂದ್ರೆ ಕಥೆ ಬಹಳ ಸಲ ಶುರುವಾಗುವುದು ಅಲ್ಲೇ. ಪೀಣ್ಯ ಕಡೆಯ ಯಾವುದಾದರೂ ಅಂಗಡಿಯ ಮುಂದೆ ಸಂಜೆ ಏಳರ ಹೊತ್ತಿಗೆ ಹತ್ತು ನಿಮಿಷ ನಿಂತು ನೋಡಿ. ಶಿಫ್ಟ್ ಮುಗಿಸಿ ಬಂದವರು. "ಅಣ್ಣಾ, ಸೊಂಟ ಹಿಡ್ಕೊಂಡಿದೆ, ಒಂದೆರಡು ಮಾತ್ರೆ ಕೊಡಿ." ಅಣ್ಣ ಕತ್ತರಿ ತಗೊಂಡು ಪಟ್ಟಿಯಿಂದ ನಾಲ್ಕು ಮಾತ್ರೆ ಕತ್ತರಿಸುತ್ತಾನೆ, ಹೊಟ್ಟೆ ಉರಿಯದೇ ಇರಲಿ ಅಂತ ಜೊತೆಗೆ ನಾಲ್ಕು ಗ್ಯಾಸ್ ಮಾತ್ರೆ. "ಊಟ ಆದ್ಮೇಲೆ ಇದು, ಬೆಳಿಗ್ಗೆ ಖಾಲಿ ಹೊಟ್ಟೆಗೆ ಅದು." ಮುಗೀತು. ಕತ್ತರಿಸಿದ ಪಟ್ಟಿಯಲ್ಲಿ ಎಷ್ಟೋ ಸಲ ಮಾತ್ರೆಯ ಹೆಸರೂ ಪೂರ್ತಿ ಉಳಿದಿರುವುದಿಲ್ಲ. ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್ ಎಲ್ಲ ಚೀಟಿ ಇಲ್ಲದೆ ಕೊಡಬಾರದ ಪಟ್ಟಿಯಲ್ಲಿರುವ ಔಷಧಗಳು. ಯಾರು ಕೇಳುತ್ತಾರೆ ಹೇಳಿ.

ನೋವಿನ ಮಾತ್ರೆ ಕೊಳವೆಗೆ ತೊಂದರೆ ಕೊಡುವುದು ಎರಡು ದಾರಿಯಲ್ಲಿ. ಮೈಯಲ್ಲಿ ನೀರು ಕಡಿಮೆಯಾದಾಗ ಕಿಡ್ನಿ ತನ್ನ ರಕ್ತನಾಳವನ್ನು ಹಿಗ್ಗಿಸಿಟ್ಟುಕೊಂಡು ರಕ್ತ ಬರುವಂತೆ ನೋಡಿಕೊಳ್ಳುತ್ತದೆ. ಇದಕ್ಕೆ ಬೇಕಾದ ಪ್ರೊಸ್ಟಾಗ್ಲಾಂಡಿನ್ ಅನ್ನುವ ಮೈಯ ರಾಸಾಯನಿಕವನ್ನೇ ಈ ಮಾತ್ರೆ ತಡೆಯುವುದು. ನೋವು ಹೋಗುವುದೂ ಅದರಿಂದಲೇ, ಕಿಡ್ನಿಗೆ ರಕ್ತ ಕಡಿಮೆಯಾಗುವುದೂ ಅದರಿಂದಲೇ. ಗಟ್ಟಿಮುಟ್ಟಾಗಿರುವವರು ಎರಡು ದಿನ ತಗೊಂಡರೆ ಸಾಮಾನ್ಯವಾಗಿ ಏನೂ ಆಗಲ್ಲ. ಆದರೆ ವಾಂತಿ ಭೇದಿ ಆದವರು, ಬಿಸಿಲಲ್ಲಿ ಬೆವರಿ ಬಂದವರು, ಅದರಲ್ಲೂ ಬಿಪಿಗೆ ಟೆಲ್ಮಿಸಾರ್ಟನ್ ಮತ್ತು ಮೂತ್ರ ಹೆಚ್ಚಿಸುವ ಮಾತ್ರೆ ಎರಡೂ ಸೇರಿರುವ ಗುಳಿಗೆ ತಗೊಳ್ಳುತ್ತಿರುವವರು ಇದರ ಮೇಲೆ ನೋವಿನ ಮಾತ್ರೆ ನುಂಗಿದರೆ ಕಿಡ್ನಿಗೆ ಮೂರು ಕಡೆಯಿಂದ ಹೊಡೆತ. ಮಂಡಿ ನೋವಿನ ನಮ್ಮ ಅಜ್ಜಿ ತಾತಂದಿರಲ್ಲಿ ಎಷ್ಟು ಜನ ಈ ಮೂರನ್ನೂ ಒಟ್ಟಿಗೆ ತಗೊಳ್ಳುತ್ತಿಲ್ಲ? ಮನೆಯಲ್ಲೇ ಒಮ್ಮೆ ಮಾತ್ರೆ ಡಬ್ಬಿ ತೆಗೆದು ನೋಡಿ.

ಎರಡನೆಯದು ಅಲರ್ಜಿಯ ದಾರಿ. ಔಷಧದ ಮೇಲೆ ಮೈ ಮುನಿಸಿಕೊಂಡು ಕೊಳವೆಗಳ ಸುತ್ತ ಉರಿಯೂತ ಎಬ್ಬಿಸುತ್ತದೆ. ನೋವಿನ ಮಾತ್ರೆಯಿಂದಲೂ ಬರುತ್ತದೆ, ಕೆಲವು ಆ್ಯಂಟಿಬಯೋಟಿಕ್‌ಗಳಿಂದಲೂ, ಟಿಬಿಗೆ ಕೊಡುವ ರಿಫಾಂಪಿಸಿನ್‌ನಿಂದಲೂ ಬರುತ್ತದೆ. ಜನ ನಂಬದೇ ಇರುವುದು ಗ್ಯಾಸ್ ಮಾತ್ರೆಯ ವಿಷಯ. ಒಮೆಪ್ರಜೋಲ್‌ನಿಂದ ಹೀಗಾಗಿದ್ದು ಮೊದಲು ವರದಿಯಾದದ್ದು 1992ರಲ್ಲಿ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಥರದ ಮಾತ್ರೆಗಳ ಪೊಟ್ಟಣದ ಚೀಟಿಯಲ್ಲಿ ಕಿಡ್ನಿಗೆ ದಿಢೀರ್ ಹಾನಿಯಾಗಬಹುದು ಅಂತ ಬರೆಯಬೇಕೆಂದು ನಮ್ಮ ಕೇಂದ್ರದ ಔಷಧ ನಿಯಂತ್ರಕರೇ 2019ರಲ್ಲಿ ಹೇಳಿದರು. ಹಾಗಂತ ಗ್ಯಾಸ್ ಮಾತ್ರೆ ತಗೊಂಡವರಿಗೆಲ್ಲ ಕಿಡ್ನಿ ಹೋಗುತ್ತದೆ ಅಂತಲ್ಲ. ಒಬ್ಬೊಬ್ಬರ ಲೆಕ್ಕದಲ್ಲಿ ಇದು ಅಪರೂಪ. ತಗೊಳ್ಳುವವರ ಸಂಖ್ಯೆ ಅಷ್ಟು ದೊಡ್ಡದಿರುವಾಗ ಅಪರೂಪ ಅನ್ನುವುದೂ ಸಾಕಷ್ಟು ಜನರನ್ನು ಮುಟ್ಟುತ್ತದೆ, ಅಲ್ವಾ? ಆಸ್ಪತ್ರೆಯಿಂದ ಬಿಡುವಾಗ ಐದು ದಿನಕ್ಕೆ ಬರೆದ ಮಾತ್ರೆಯನ್ನು ಐದು ವರ್ಷ ತಿನ್ನುವವರಿದ್ದಾರೆ. ಶುರು ಮಾಡಿ ಅನ್ನುವುದಕ್ಕೆ ಚೀಟಿ ಇದೆ, ನಿಲ್ಲಿಸಿ ಅನ್ನುವುದಕ್ಕೆ ಯಾರೂ ಚೀಟಿ ಬರೆಯುವುದಿಲ್ಲ.

ಜ್ವರ, ಮೈಮೇಲೆ ದದ್ದು, ರಕ್ತದಲ್ಲಿ ಇಯೊಸಿನೊಫಿಲ್ ಅನ್ನುವ ಬಿಳಿ ರಕ್ತಕಣ ಜಾಸ್ತಿ. ಈ ಮೂರೂ ಒಟ್ಟಿಗೆ ಇದ್ದರೆ ಔಷಧದ ಅಲರ್ಜಿ ಅಂತ ಪಠ್ಯದಲ್ಲಿ ಓದಿಸುತ್ತಾರೆ. ನಿಜದಲ್ಲಿ ಮೂರೂ ಸೇರಿ ಬರುವುದು ಸುಮಾರು ಹತ್ತರಲ್ಲಿ ಒಬ್ಬರಿಗೆ ಮಾತ್ರ. ಉಳಿದವರಿಗೆ ಸುಸ್ತು, ಹಸಿವಾಗಲ್ಲ, ವಾಕರಿಕೆ. ವಾಕರಿಕೆಗೆ ಮತ್ತೆ ಗ್ಯಾಸ್ ಮಾತ್ರೆ! ಖಚಿತವಾಗಿ ಹೇಳಬೇಕಾದರೆ ಕಿಡ್ನಿಯ ಸಣ್ಣ ಚೂರು ತೆಗೆದು ನೋಡುವ ಬಯಾಪ್ಸಿಯೇ ಆಗಬೇಕು. ಕಾರಣವಾದ ಮಾತ್ರೆ ನಿಲ್ಲಿಸಿ, ಬೇಕಿದ್ದರೆ ಸ್ಟೀರಾಯ್ಡ್ ಶುರು ಮಾಡುವುದು ಚಿಕಿತ್ಸೆ. ವಾರಗಳು ಉರುಳಿದ ಹಾಗೆ ಉರಿಯೂತ ಇದ್ದ ಜಾಗದಲ್ಲಿ ಗಾಯದ ನಾರು ಕೂರುತ್ತದೆ, ಅದು ಕೂತ ಮೇಲೆ ಹೋಗುವುದಿಲ್ಲ. ಇನ್ನೊಂದು ಮಾತು. ಕಾಯಿಲೆ ಶುಗರ್‌ನಿಂದಲೇ ಶುರುವಾಗಿರಲಿ, ಬಿಪಿಯಿಂದಲೇ ಆಗಿರಲಿ, ಬಯಾಪ್ಸಿ ನೋಡುವವರು ಮುಂದೇನಾಗುತ್ತದೆ ಅಂತ ಅಂದಾಜು ಮಾಡುವಾಗ ಮುಖ್ಯವಾಗಿ ನೋಡುವುದು ಕೊಳವೆಗಳು ಎಷ್ಟು ಸೊರಗಿವೆ, ಸುತ್ತ ಎಷ್ಟು ನಾರು ಕೂತಿದೆ ಅನ್ನುವುದನ್ನೇ. ಹಾಗಾಗಿ ಶುಗರ್ ಇರುವವರೂ ಇದು ತಮ್ಮ ವಿಷಯವಲ್ಲ ಅಂದುಕೊಳ್ಳುವ ಹಾಗಿಲ್ಲ.

ಇಂಗ್ಲಿಷ್ ಔಷಧ ಬೇಡ, ನಾಟಿ ಔಷಧ ಸೇಫ್ ಅನ್ನುವವರಿಗೆ ಬೆಲ್ಜಿಯಂ ಕಥೆ ಹೇಳಬೇಕು. 1990ರ ಸುಮಾರಿಗೆ ಬ್ರಸೆಲ್ಸ್‌ನ ಒಂದು ಕ್ಲಿನಿಕ್ಕಿನಲ್ಲಿ ತೂಕ ಇಳಿಸಲು ಕೊಡುತ್ತಿದ್ದ ಮಾತ್ರೆಯಲ್ಲಿ ಚೀನಾದ ಗಿಡಮೂಲಿಕೆ ಸೇರಿತು. ಒಂದು ಮೂಲಿಕೆಯ ಬದಲು ತಪ್ಪಾಗಿ ಅರಿಸ್ಟೊಲೋಕಿಯಾ ಜಾತಿಯ ಗಿಡ ಬಂದುಬಿಟ್ಟಿತ್ತು. ನೂರಕ್ಕೂ ಹೆಚ್ಚು ಹೆಂಗಸರ ಕಿಡ್ನಿ ಕೆಟ್ಟಿತು, ಎಷ್ಟೋ ಜನ ಡಯಾಲಿಸಿಸ್‌ಗೆ ಹೋದರು, ಆಮೇಲೆ ಕೆಲವರಿಗೆ ಮೂತ್ರನಾಳದ ಕ್ಯಾನ್ಸರ್ ಕೂಡ ಬಂತು. ಇದೇ ಜಾತಿಯ ಗಿಡದ ಬೀಜ ಗೋಧಿಯ ಜೊತೆ ಬೆರೆತು ಬಾಲ್ಕನ್ ಪ್ರದೇಶದ ಹಳ್ಳಿಗಳಲ್ಲಿ ತಲೆಮಾರುಗಟ್ಟಲೆ ಕಿಡ್ನಿ ತಿಂದದ್ದು ನಂತರ ಗೊತ್ತಾಯಿತು. ನಮ್ಮಲ್ಲಿ ಈಶ್ವರಿ ಬೇರು ಅಂತ ಹಾವು ಕಡಿತಕ್ಕೆ ಕೊಡುತ್ತಾರಲ್ಲ, ಅದೂ ಅದೇ ಜಾತಿ. ಎಲ್ಲ ಗಿಡಮೂಲಿಕೆಯೂ ಕೆಟ್ಟದ್ದು ಅಂತ ನಾನು ಹೇಳಲ್ಲ. ಒಳಗೆ ಏನಿದೆ ಅಂತ ಹೆಸರು ಬರೆಯದ ಪುಡಿಯನ್ನು ನುಂಗಬೇಡಿ ಅಂತ ಮಾತ್ರ ಖಂಡಿತ ಹೇಳುತ್ತೇನೆ.

ಹಣ್ಣು ಕೂಡ ಹೀಗೆ ಮಾಡಬಹುದು. ಕರಾವಳಿಯವರು ಉಪ್ಪಿನಕಾಯಿ, ಸಾರಿಗೆ ಹಾಕುವ ಬಿಂಬುಳಿ, ಧಾರೆಹುಳಿ ಎರಡರಲ್ಲೂ ಆಕ್ಸಲೇಟ್ ಅನ್ನುವ ಹರಳು ಕಟ್ಟುವ ವಸ್ತು ಹೇರಳ. ಅಡುಗೆಗೆ ಹಾಕಿದರೆ ಚಿಂತೆ ಇಲ್ಲ. ಕೊಲೆಸ್ಟರಾಲ್ ಇಳಿಯುತ್ತದೆ ಅಂತ ವಾಟ್ಸಾಪ್ ನೋಡಿ ಖಾಲಿ ಹೊಟ್ಟೆಗೆ ಲೋಟಗಟ್ಟಲೆ ರಸ ಕುಡಿದರೆ ಆಕ್ಸಲೇಟ್ ಹರಳುಗಳು ಕೊಳವೆಯಲ್ಲಿ ಸಿಕ್ಕಿಕೊಳ್ಳುತ್ತವೆ. ಕೇರಳದಲ್ಲಿ ಬಿಂಬುಳಿ ರಸದಿಂದ ಕಿಡ್ನಿ ಕೆಟ್ಟ ಕೇಸುಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಅದೇ ಹರಳು ಈಗ ಪಾರ್ಲರಿನ ದಾರಿಯಿಂದಲೂ ಬರುತ್ತಿದೆ. ಕೂದಲು ನೇರ ಮಾಡುವ ಕೆಲವು ಕ್ರೀಮುಗಳಲ್ಲಿ ಫಾರ್ಮಾಲಿನ್ ಬದಲು ಗ್ಲೈಆಕ್ಸಿಲಿಕ್ ಆ್ಯಸಿಡ್ ಹಾಕುತ್ತಾರೆ. ಅದು ತಲೆಯ ಚರ್ಮದಿಂದ ಒಳಗಿಳಿದು ಆಕ್ಸಲೇಟ್ ಆಗುತ್ತದೆ. 2024ರಲ್ಲಿ ಫ್ರಾನ್ಸಿನ ವೈದ್ಯರು ಬರೆದ ಕೇಸಿನಲ್ಲಿ 26 ವರ್ಷದ ಹೆಣ್ಣುಮಗಳಿಗೆ ಮೂರು ಸಲ ಕಿಡ್ನಿಗೆ ಏಟು ಬಿದ್ದಿತ್ತು, ಮೂರೂ ಸಲ ಪಾರ್ಲರಿಗೆ ಹೋಗಿ ಬಂದ ಮೇಲೆ. ಇಸ್ರೇಲ್‌ನಲ್ಲೂ ಇಂಥ ಹಲವು ಕೇಸುಗಳು ವರದಿಯಾಗಿವೆ. ಮದುವೆ ಸೀಸನ್ನಿನಲ್ಲಿ ಬೆಂಗಳೂರಿನ ಪಾರ್ಲರುಗಳು ಹೇಗೆ ತುಂಬಿರುತ್ತವೆ ಅಂತ ನಾನು ಹೇಳಬೇಕಾಗಿಲ್ಲ. ವಾಂತಿ, ಬೆನ್ನುನೋವು ಅಂತ ಮಾರನೇ ದಿನ ಬಂದ ಹುಡುಗಿಗೆ ಕೂದಲಿಗೆ ಏನು ಮಾಡಿಸಿದೆಯಮ್ಮ ಅಂತ ಕೇಳಲು ಯಾವ ಡ್ಯೂಟಿ ಡಾಕ್ಟರಿಗೆ ಹೊಳೆಯಬೇಕು?

ಮಕ್ಕಳ ವಿಷಯ ಬಿಡುವ ಹಾಗಿಲ್ಲ. 2025ರ ಅಕ್ಟೋಬರ್‌ನಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಕೆಮ್ಮಿನ ಸಿರಪ್ಪಿನಿಂದ ಸುದ್ದಿಯಾಯಿತು. ತಮಿಳುನಾಡಿನಲ್ಲಿ ತಯಾರಾದ ಕೋಲ್ಡ್ರಿಫ್ ಸಿರಪ್ಪಿನಲ್ಲಿ ಡೈಎಥಿಲೀನ್ ಗ್ಲೈಕಾಲ್ ಅನ್ನುವ ವಿಷ ಇದ್ದದ್ದು 48.6%. ಇರಬಹುದಾದ ಮಿತಿ 0.1%. ಮೈಯೊಳಗೆ ಅದು ಒಡೆದು ಹುಟ್ಟುವ ಆ್ಯಸಿಡ್ ಕೊಳವೆಯ ಜೀವಕೋಶಗಳಲ್ಲೇ ಹೋಗಿ ಕೂತು ಅವುಗಳನ್ನು ಕೊಲ್ಲುತ್ತದೆ. ಮಗುವಿಗೆ ಮೂತ್ರ ನಿಂತುಹೋಗುತ್ತದೆ. 20ಕ್ಕೂ ಹೆಚ್ಚು ಮಕ್ಕಳು ಸತ್ತರು. ಇದೇ ವಿಷ 1937ರಲ್ಲಿ ಅಮೆರಿಕದಲ್ಲಿ ನೂರಕ್ಕೂ ಹೆಚ್ಚು ಜನರನ್ನು ಕೊಂದು, ಮುಂದಿನ ವರ್ಷವೇ ಅಲ್ಲಿ ಔಷಧ ಕಾನೂನು ಬದಲಾಗಿತ್ತು. ನಮಗೆ 1986ರ ಮುಂಬೈ, 2020ರ ಜಮ್ಮು, ಈಗ ಛಿಂದ್ವಾಡಾ. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ಶೀತದ ಸಿರಪ್ ಬರೆಯಲೇಬೇಡಿ, ಐದು ವರ್ಷದೊಳಗೆ ಸಾಮಾನ್ಯವಾಗಿ ಬೇಡ ಅಂತ ಕೇಂದ್ರದ ಆರೋಗ್ಯ ನಿರ್ದೇಶನಾಲಯ ಆಮೇಲೆ ಹೇಳಿತು. ಇಲ್ಲಿ ಪೋಷಕರನ್ನು ಬೈದು ಪ್ರಯೋಜನ ಇಲ್ಲ, ಬಾಟಲಿ ಅಂಗಡಿಗೆ ಬರುವ ಮುಂಚೆ ಪರೀಕ್ಷೆ ಮಾಡಬೇಕಾದವರು ಬೇರೆ.

ನನಗೆ ಜಾಸ್ತಿ ಚಿಂತೆ ಹುಟ್ಟಿಸುವುದು ಬಿಸಿಲು. 2002ರಲ್ಲಿ ಎಲ್ ಸಾಲ್ವಡಾರ್‌ನ ವೈದ್ಯರು ಒಂದು ವಿಚಿತ್ರ ಗಮನಿಸಿದರು. ಶುಗರ್ ಇಲ್ಲ, ಬಿಪಿ ಇಲ್ಲ, ಆದರೂ ದುಡಿಯುವ ವಯಸ್ಸಿನ ಗಂಡಸರು ಕಿಡ್ನಿ ಕಳಕೊಂಡು ಬರುತ್ತಿದ್ದರು, ಹೆಚ್ಚಿನವರು ಕಬ್ಬಿನ ಗದ್ದೆ ಥರದ ಬಿಸಿಲ ಕೆಲಸದವರು. ಬಯಾಪ್ಸಿಗಳಲ್ಲಿ ಕಂಡದ್ದು ಕೊಳವೆ ಮತ್ತು ಸುತ್ತಲಿನ ಭಾಗದ ಕಾಯಿಲೆ. ಶ್ರೀಲಂಕಾದ ಭತ್ತದ ಸೀಮೆಯಲ್ಲೂ ಇದೇ. ನಮ್ಮ ಪಕ್ಕದ ಆಂಧ್ರದ ಶ್ರೀಕಾಕುಳಂ ಜಿಲ್ಲೆಯ ಉದ್ದಾನಂನಲ್ಲೂ ಇದೇ. ಗೋಡಂಬಿ, ತೆಂಗಿನ ಹಸಿರು ಸೀಮೆ ಅದು, ಮನೆ ಮನೆಯಲ್ಲಿ ಕಿಡ್ನಿ ರೋಗಿಗಳು. ನೀರು, ಕೀಟನಾಶಕ, ಬಿಸಿಲು ಯಾವುದು ಎಷ್ಟು ಕಾರಣ ಅನ್ನುವ ವಾದ ಉದ್ದಾನಂ ವಿಷಯದಲ್ಲಿ ಇನ್ನೂ ಮುಗಿದಿಲ್ಲ. ಆದರೆ ಬಿಸಿಲಲ್ಲಿ ಮೈಮುರಿದು ದುಡಿಯುವುದು, ನೀರು ಸಾಲದೆ ಇರುವುದು, ನೋವಿಗೆ ಮಾತ್ರೆ ನುಂಗುವುದು ಈ ಮೂರೂ ಸೇರಿದರೆ ಕೊಳವೆಗೆ ದಿನಾ ಸಣ್ಣ ಸಣ್ಣ ಏಟು ಬೀಳುತ್ತದೆ ಅನ್ನುವುದರಲ್ಲಿ ಅನುಮಾನ ಇಲ್ಲ.

ಬೆಂಗಳೂರು ತಂಪೂರು, ನಮಗೇನು ಅನ್ನುತ್ತಿದ್ದೆವು. 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಮುಟ್ಟಿತು, 2024ರ ಏಪ್ರಿಲ್‌ನಲ್ಲಿ 38.5. ಆ ವರ್ಷದ ಮಾರ್ಚ್‌ನಲ್ಲೇ ಊರಿನ 13,900 ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಅಂತ ಸರ್ಕಾರ ಹೇಳಿತ್ತು. ಅಪಾರ್ಟ್‌ಮೆಂಟಿನವರು ಟ್ಯಾಂಕರ್ ರೇಟಿನ ಬಗ್ಗೆ ಕೂಗಾಡಿದರು, ನ್ಯಾಯವೇ. ಸೆಂಟ್ರಿಂಗ್ ಕೆಲಸದವರು, ಮೆಟ್ರೋ ಕಂಬದ ಮೇಲೆ ಕಂಬಿ ಕಟ್ಟುವವರು, ಮಧ್ಯಾಹ್ನ ಎರಡಕ್ಕೆ ಬೈಕಿನಲ್ಲಿ ಊಟ ತಲುಪಿಸುವ ಹುಡುಗರು, ಬೆಳಿಗ್ಗೆಯಿಂದ ಗುಡಿಸುವ ಪೌರಕಾರ್ಮಿಕರು ಆಗ ಎಷ್ಟು ನೀರು ಕುಡಿದರು? ಜಾಸ್ತಿ ನೀರು ಕುಡಿಯಿರಿ ಅಂತ ಬೋರ್ಡ್ ಹಾಕುವುದು ಸುಲಭ. ಕುಡಿದರೆ ಹೋಗುವುದು ಎಲ್ಲಿಗೆ? ಗಾರ್ಮೆಂಟ್ಸ್ ಹೆಂಗಸರು, ಪೌರಕಾರ್ಮಿಕ ಹೆಂಗಸರು ಬೇಕೆಂದೇ ನೀರು ಕಡಿಮೆ ಕುಡಿಯುತ್ತಾರೆ, ಯಾಕಂದ್ರೆ ಟಾಯ್ಲೆಟ್ ಇಲ್ಲ, ಇದ್ದರೂ ಸೂಪರ್‌ವೈಸರ್ ಬಿಡಲ್ಲ. ಮೂತ್ರ ಕಟ್ಟಿಕೊಂಡು ಕೂತರೆ ಸೋಂಕು, ಸೋಂಕು ಮೇಲೇರಿ ಕಿಡ್ನಿ ಮುಟ್ಟಿದರೆ ಅದೂ ಕೊಳವೆ ಮತ್ತು ಸುತ್ತಲಿನ ಭಾಗದ ಕಾಯಿಲೆಯೇ.

ಹಾಗಾದರೆ ಏನು ಮಾಡಬಹುದು? ಹೊಸ ಯೋಜನೆ ಹುಡುಕುವ ಮುಂಚೆ ಈಗಾಗಲೇ ಸರಿಯಾಗಿ ನಡೆಯುತ್ತಿರುವ ಒಂದು ಪದ್ಧತಿ ನೋಡಿ. ಬೈಪೋಲಾರ್ ಕಾಯಿಲೆಗೆ ಲಿಥಿಯಂ ಕೊಡುತ್ತಾರೆ. ವರ್ಷಾನುಗಟ್ಟಲೆ ತಗೊಂಡರೆ ಅದು ಕೊಳವೆಗೆ ತೊಂದರೆ ಕೊಡಬಹುದು ಅಂತ ಮನೋವೈದ್ಯರಿಗೆ ಗೊತ್ತು. ಅದಕ್ಕೇ ಇಂತಿಷ್ಟು ತಿಂಗಳಿಗೊಮ್ಮೆ ರಕ್ತದ ಲಿಥಿಯಂ ಮಟ್ಟ, ಕ್ರಿಯಾಟಿನಿನ್, ಥೈರಾಯ್ಡ್ ನೋಡಿಸುತ್ತಾರೆ, ಮಾತ್ರೆಯನ್ನು ಸುಮ್ನೆ ನಿಲ್ಲಿಸುವುದೂ ಇಲ್ಲ, ಸುಮ್ನೆ ಮುಂದುವರಿಸುವುದೂ ಇಲ್ಲ. ಇದೇ ಶಿಸ್ತು ವರ್ಷಗಟ್ಟಲೆ ನೋವಿನ ಮಾತ್ರೆ, ಗ್ಯಾಸ್ ಮಾತ್ರೆ ತಿನ್ನುವವರಿಗೆ ಯಾಕಿಲ್ಲ? ಕ್ರಿಯಾಟಿನಿನ್ ದುಬಾರಿ ಪರೀಕ್ಷೆ ಏನಲ್ಲ. ರಿಪೋರ್ಟ್ ಬಂದಾಗ ಹಿಂದಿನ ವರ್ಷದ ಹಾಳೆ ಪಕ್ಕಕ್ಕಿಟ್ಟು ನೋಡಿ. 0.7 ಇದ್ದದ್ದು 1.1 ಆಗಿದ್ದರೆ ಎರಡೂ ನಾರ್ಮಲ್ ಅಂತ ಬರೆದಿದ್ದರೂ ಡಾಕ್ಟರ ಹತ್ತಿರ ಹೋಗಿ, ಹೋಗುವಾಗ ಮಾತ್ರೆ ಡಬ್ಬಿಯನ್ನೇ ಚೀಲಕ್ಕೆ ಹಾಕಿಕೊಂಡು ಹೋಗಿ, ಲೇಹ್ಯ ಪುಡಿ ಸಮೇತ. ನಾಚಿಕೆ ಬೇಡ. ಡಾಕ್ಟರು ಬರೆದ ಮಾತ್ರೆಯನ್ನು ಈ ಲೇಖನ ಓದಿ ನೀವೇ ನಿಲ್ಲಿಸಬೇಡಿ, ಕೇಳಿ ನಿಲ್ಲಿಸಿ.

ಸರ್ಕಾರದ "ನಮ್ಮ ಕ್ಲಿನಿಕ್"ಗಳಲ್ಲಿ ಶುಗರ್, ಬಿಪಿ ನೋಡುತ್ತಾರೆ, ಒಳ್ಳೆಯದು. ಬಂದವರ ಕಾರ್ಡಿನಲ್ಲಿ ಏನು ಕೆಲಸ, ಬಿಸಿಲಲ್ಲಾ ನೆರಳಲ್ಲಾ, ನೋವಿಗೆ ಏನು ತಗೊಳ್ಳುತ್ತಾರೆ ಅಂತ ಎರಡು ಸಾಲು ಬರೆದರೆ ಖರ್ಚಿಲ್ಲ. ಕಟ್ಟಡ ಕಾರ್ಮಿಕರ ವಿಷಯದಲ್ಲಂತೂ ದುಡ್ಡಿಲ್ಲ ಅನ್ನುವ ನೆಪವೂ ನಡೆಯಲ್ಲ. ದೊಡ್ಡ ಕಟ್ಟಡ ಕಟ್ಟುವವರಿಂದ ಖರ್ಚಿನ 1% ಸೆಸ್ ಅಂತ ವಸೂಲಿ ಮಾಡಿ ಕಾರ್ಮಿಕರ ಕಲ್ಯಾಣ ಮಂಡಳಿಗೆ ಕೊಡುವುದು ಕಾನೂನಿನಲ್ಲೇ ಇದೆ. ನಿಕರಾಗುವಾದ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಕಡಿಯುವವರಿಗೆ ನೆರಳು, ನೀರು, ನಡುನಡುವೆ ಕಡ್ಡಾಯ ವಿಶ್ರಾಂತಿ ಕೊಟ್ಟ ಮೇಲೆ ಕಿಡ್ನಿಗೆ ಏಟು ಬೀಳುವುದು ಕಡಿಮೆಯಾಯಿತು. ಇಲ್ಲಿ ಆ ಸೆಸ್ ದುಡ್ಡಿನಲ್ಲಿ ಬೇಸಿಗೆಗೆ ಮುಂಚೆ ಒಮ್ಮೆ, ಬೇಸಿಗೆ ಮುಗಿದ ಮೇಲೆ ಒಮ್ಮೆ ಕ್ರಿಯಾಟಿನಿನ್ ನೋಡಿಸಲಿ. ಸೈಟಿನಲ್ಲಿ ನೆರಳು, ಕುಡಿಯುವ ನೀರು, ಹೆಂಗಸರಿಗೆ ಬಾಗಿಲಿರುವ ಟಾಯ್ಲೆಟ್ ಇಲ್ಲದಿದ್ದರೆ ಕಂಟ್ರಾಕ್ಟರನಿಗೆ ದಂಡ ಹಾಕಲಿ. ಏಪ್ರಿಲ್ ಮೇ ತಿಂಗಳಲ್ಲಿ ಹನ್ನೆರಡರಿಂದ ಮೂರರ ತನಕ ಕಾಂಕ್ರೀಟ್ ಹಾಕುವುದು ನಿಲ್ಲಿಸಿ, ಆ ಹೊತ್ತಿನ ಕೂಲಿ ಕತ್ತರಿಸಬಾರದು. ಕೂಲಿ ಕತ್ತರಿಸಿದರೆ ನೆರಳಲ್ಲಿ ಯಾರೂ ಕೂರುವುದಿಲ್ಲ.